ಡೆಲ್ಟಾ ಅಮಕುರೊದ ಸುಂದರಿ, ಸ್ವಂತ ಊರು ಕಬಿಮಾಸ್

ವೆನೆಜುವೆಲಾದ ನಮ್ಮ ಕಬಿಮಾಸಿನಲ್ಲಿ ಹೆಣ್ಣುಮಗು ರಾಣಿಯಾಗದೆ ಬೆಳೆಯುವುದು ಕಷ್ಟ. ಶಾಲೆಗೊಬ್ಬಳು ರಾಣಿ, ಬ್ಯಾಂಕಿಗೊಬ್ಬಳು, ಅಗ್ನಿಶಾಮಕ ದಳಕ್ಕೊಬ್ಬಳು, ಮೀನು ಮಾರುವವರ ಸಂಘಕ್ಕೊಬ್ಬಳು, ಜೈಲಿಗೂ ಒಬ್ಬಳು. ಸ್ವಲ್ಪ ಎತ್ತರವಿದ್ದು ಹಲ್ಲು ಸಾಲಾಗಿರುವ ಹುಡುಗಿ ರಸ್ತೆಯಲ್ಲಿ ಎರಡು ಸಲ ಓಡಾಡಿದರೆ ಸಾಕು, ಯಾವುದೋ ಸಂಘದ ಕಾರ್ಯದರ್ಶಿ ಬಂದು ತಾಯಿಯ ಬಾಗಿಲು ತಟ್ಟುತ್ತಾನೆ. ಒಮೈರಾ ಚಿರಿನೋಸ್ ಆರನೆಯ ವಯಸ್ಸಿಗೆ ಶಿಶುವಿಹಾರದ ರಾಣಿ, ಹನ್ನೆರಡಕ್ಕೆ ಓಣಿಯ ಕಾರ್ನಿವಲ್ ರಾಣಿ, ಹದಿನಾರಕ್ಕೆ ತೈಲಬಾವಿ ಕೊರೆಯುವವರ ರಾಣಿ, ಹದಿನೇಳಕ್ಕೆ ಪಂಕ್ಚರ್ ಅಂಗಡಿಯವರ ರಾಣಿ. ಈ ಕೊನೆಯದನ್ನು ಆಕೆ ಎಲ್ಲೂ ಹೇಳಿಕೊಳ್ಳುವುದಿಲ್ಲ. ಆದರೆ ಇವತ್ತಿಗೂ ಮುರಿಯದೆ ಉಳಿದಿರುವುದು ಆ ಕಿರೀಟ ಒಂದೇ, ಅದನ್ನು ಮಾಡಿದವರು ವೆಲ್ಡಿಂಗ್ ಬಲ್ಲ ಜನ.

ಅವಳ ನಡಿಗೆಗೆ ಗುರು ಇರಲಿಲ್ಲ, ಪೈಪು ಇತ್ತು. ನಮ್ಮ ಓಣಿಗಳಲ್ಲಿ ಮನೆಯ ಹಿತ್ತಲಲ್ಲೇ ಎಣ್ಣೆ ಪಂಪು ತಲೆಯಾಡಿಸುತ್ತಿರುತ್ತದೆ, ಅಲ್ಲಿಂದ ಸರೋವರದ ದಂಡೆಯ ಟ್ಯಾಂಕಿನವರೆಗೆ ನೆಲದ ಮೇಲೆಯೇ ಕಬ್ಬಿಣದ ಪೈಪು ಹರಿದುಹೋಗಿರುತ್ತದೆ. ಕೆಸರಾದ ದಿನ ಮಕ್ಕಳು ಶಾಲೆಗೆ ಹೋಗುವುದು ಆ ಪೈಪಿನ ಮೇಲೆ. ಒಮೈರಾ ಅದರ ಮೇಲೆ ತಾಯಿಯ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ನಡೆಯುತ್ತಿದ್ದಳು. ಬಿದ್ದರೆ ಮೈಯೆಲ್ಲ ಎಣ್ಣೆ, ಮೇಲೆ ತಾಯಿಯ ಏಟು. ಹಾಗಾಗಿ ಬೀಳುತ್ತಿರಲಿಲ್ಲ.

ತಾಯಿ ಎದಿಕ್ತಾ ತೈಲ ಕಂಪನಿಯ ಗೇಟಿನ ಎದುರು ಎಂಪನಾಡ ಕರಿದು ಮಾರುವವಳು. ಮೆಕ್ಕೆಜೋಳದ ಹಿಟ್ಟಿನೊಳಗೆ ಮಾಂಸವೋ ಗಿಣ್ಣೋ ತುಂಬಿದ ಕಡುಬು, ಕಚ್ಚಿದರೆ ತುಟಿ ಸುಡಬೇಕು, ಇಲ್ಲದಿದ್ದರೆ ಅದು ಎದಿಕ್ತಾಳದಲ್ಲ. ಆಕೆಗೆ ಜೀವನದಲ್ಲಿ ಒಂದೇ ಒಂದು ಆಸೆ. ಇಡೀ ದೇಶ ಕೂತು ನೋಡುವ ಸ್ಪರ್ಧೆಯಲ್ಲಿ ತನ್ನ ಮಗಳು ನಿಲ್ಲಬೇಕು, ಯಾರೋ ದೊಡ್ಡ ದನಿಯಲ್ಲಿ 'ಒಮೈರಾ ಚಿರಿನೋಸ್, ಸುಲಿಯಾ!' ಎಂದು ಕೂಗಬೇಕು, ತಾನದನ್ನು ಕಿವಿಯಾರೆ ಕೇಳಬೇಕು. ಗೆಲ್ಲುವುದು ಬಿಡುವುದು ಆಮೇಲಿನ ಮಾತು. ನಮ್ಮ ಸುಲಿಯಾ ರಾಜ್ಯದವರಿಗೆ ಇದೊಂದು ಕಾಯಿಲೆ. ನಮ್ಮ ಪ್ರಕಾರ ಸುಲಿಯಾದ ಗಡಿ ದಾಟಿದ ಮೇಲೆ ಇರುವುದೆಲ್ಲ ಪರದೇಶ, ರಾಜಧಾನಿಯೂ ಸೇರಿ.

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ, ಹತ್ತೊಂಬತ್ತರ ಒಮೈರಾಳನ್ನು ರಾಜಧಾನಿ ಕಾರಾಕಾಸಿಗೆ ಕರೆಸಿಕೊಂಡರು. ಹುಡುಗಿಯರನ್ನು ತಿದ್ದಿ ತೀಡಿ ವೇದಿಕೆಗೆ ಬಿಡುವವರು ದೊನ್ ಉಲ್ಪಿಯಾನೊ ಎಂಬ ಸಣಕಲು ಮನುಷ್ಯ. ಯಾವಾಗಲೂ ಬಿಳಿ ಪ್ಯಾಂಟು, ಕುತ್ತಿಗೆಯಲ್ಲಿ ಟೇಪು. ಯಾರನ್ನು ನೋಡಿದರೂ ಮೊದಲು ಮೊಣಕಾಲು ನೋಡುವರು, ಆಮೇಲೆ ಮುಖ. ಅವರು ಒಮೈರಾಳನ್ನು ಎರಡು ಸಲ ನಡೆಸಿದರು, ಕೂರಿಸಿದರು, ಎಬ್ಬಿಸಿದರು.

"ಎಲ್ಲಿ ಕಲಿತೆ ಕಂದ ಈ ನಡಿಗೆ?"

"ಪೈಪಿನ ಮ್ಯಾಲೆ ರೀ."

"ಒಳ್ಳೇದು. ಟೀವಿಯಲ್ಲಿ ಯಾರಾದ್ರೂ ಕೇಳಿದ್ರೆ ಬ್ಯಾಲೆ ಅಂತ ಹೇಳು."

ಆಯ್ಕೆಯಾದವರಿಗೆ ಅಡ್ಡಪಟ್ಟಿ ಹಂಚುವ ದಿನ ಬಂತು. ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಬೀಳುವ ರೇಷ್ಮೆಯ ಪಟ್ಟಿ, ಮೇಲೆ ಚಿನ್ನದ ದಾರದಲ್ಲಿ ರಾಜ್ಯದ ಹೆಸರು. ಹೊರಗಿನವರು ತಿಳಿಯುವುದೇನೆಂದರೆ, ಆಯಾ ರಾಜ್ಯದ ಹುಡುಗಿ ಆಯಾ ರಾಜ್ಯದ ಪಟ್ಟಿ ತೊಡುತ್ತಾಳೆ ಎಂದು. ನಮ್ಮಲ್ಲಿ ಆ ಲೆಕ್ಕವಿಲ್ಲ. ಪಟ್ಟಿ ಮೇಲಿನವರು ಕೊಡುವುದು, ಹುಡುಗಿ ತೊಡುವುದು. ಸುಲಿಯಾದ ಪಟ್ಟಿ ಕಾರಾಕಾಸಿನ ಒಬ್ಬ ದಂತವೈದ್ಯರ ಮಗಳಿಗೆ ಹೋಯಿತು. ಅವಳಿಗೂ ಸುಲಿಯಾಕ್ಕೂ ಇದ್ದ ಸಂಬಂಧವೆಂದರೆ, ಅವಳ ತಂದೆ ಒಮ್ಮೆ ಅಲ್ಲಿನ ಗವರ್ನರರ ಹಲ್ಲು ಕಿತ್ತಿದ್ದರು. ಒಮೈರಾಳ ಕೈಗೆ ಬಂದದ್ದು ಡೆಲ್ಟಾ ಅಮಕುರೊ.

"ಇದು ಎಲ್ಲೈತ್ರೀ?" ಎಂದಳು ಒಮೈರಾ.

"ನದಿ ಮುಗಿಯೋ ಕಡೆ," ಎಂದರು ಉಲ್ಪಿಯಾನೊ.

"ನಮ್ಮೂರು ಪಶ್ಚಿಮದ ತುದಿಗೈತಿ. ಇದು ಪೂರ್ವದ ತುದಿ."

"ಅದಕ್ಕೇ ನಿಂಗೆ ಒಪ್ಪುತ್ತೆ. ಎರಡೂ ತುದೀನೇ ತಾನೆ?"

"ನಮ್ಮವ್ವ ಸುಲಿಯಾ ಅಂತ ಓಣಿ ತುಂಬಾ ಹೇಳ್ಕೊಂಡು ಬಂದಾಳ್ರೀ."

"ನೋಡಮ್ಮ, ಊರು ಅನ್ನೋದು ಮೂರು ಗಂಟೆ ಹೊತ್ತಿನ ವಿಷಯ. ನಗು, ನಡಿ, ಪಟ್ಟಿ ಸುಕ್ಕಾಗದ ಹಾಗೆ ನೋಡ್ಕೊ. ಆಮೇಲೆ ನೀನು ಯಾವ ಊರವಳಾದ್ರೂ ಆಗಿರು."

ಉಲ್ಪಿಯಾನೊ ಕೆಟ್ಟವರಲ್ಲ. ಊರು ಎನ್ನುವುದು ಜನರಿಗೆ ಬೇಕಾಗುತ್ತದೆ ಎಂಬುದು ಮಾತ್ರ ಅವರಿಗೆ ಕೊನೆಯವರೆಗೂ ಹೊಳೆಯಲಿಲ್ಲ. ಒಮೈರಾ ಆರನೆಯ ತರಗತಿಯ ಭೂಗೋಳ ಪುಸ್ತಕ ತರಿಸಿಕೊಂಡು ತನ್ನ ಹೊಸ ಊರನ್ನು ಬಾಯಿಪಾಠ ಮಾಡಿದಳು. ನದಿಯ ಕವಲುಗಳು ಎಷ್ಟು, ತಾಳೆ ಯಾವುದು, ಮೀನು ಯಾವುದು, ಎಲ್ಲವೂ ಬಂತು.

ಸ್ಪರ್ಧೆಯ ದಿನ ಎದಿಕ್ತಾ ಟೀವಿಯನ್ನು ಎತ್ತಿ ಬೀದಿಗಿಟ್ಟಿದ್ದಳು. ಓಣಿಯೆಲ್ಲ ಕುರ್ಚಿ ತಂದು ಕೂತಿತ್ತು. ಪಟ್ಟಿಯ ವಿಷಯ ಮಗಳು ಫೋನಿನಲ್ಲಿ ಹೇಳಿದ್ದಳು, ತಾಯಿ ಯಾರಿಗೂ ಹೇಳಿರಲಿಲ್ಲ. ಕಡೆ ಗಳಿಗೆಯಲ್ಲಿ ಬದಲಾದೀತು ಎಂಬ ಆಸೆ. ಪಕ್ಕದ ಮನೆಯ ಎರ್ಸಿಲಿಯಾ ಎಲ್ಲರಿಗಿಂತ ಮುಂದೆ ಕೂತಿದ್ದಳು. ಇಬ್ಬರದೂ ಒಂದೇ ವಯಸ್ಸು, ಒಂದೇ ಗೋಡೆ, ಗೋಡೆಯ ಮೇಲಿಂದ ದಿನಕ್ಕೆ ಹತ್ತು ಸಲ ಉಪ್ಪು ಸಕ್ಕರೆ ದಾಟುತ್ತಿದ್ದ ಸ್ನೇಹ. 'ಒಮೈರಾ ಚಿರಿನೋಸ್, ಡೆಲ್ಟಾ ಅಮಕುರೊ!' ಎಂದು ಟೀವಿ ಕೂಗಿದಾಗ ಓಣಿಯೆಲ್ಲ ಎದಿಕ್ತಾಳ ಕಡೆ ತಿರುಗಿತು. ಅಷ್ಟಕ್ಕೇ ಮುಗಿದಿದ್ದರೆ ನಡೆಯುತ್ತಿತ್ತು. ನಿರೂಪಕ ಮುಂದೆ ಬಂದು, ನಿಮ್ಮ ನಾಡಿನ ಒಂದು ಸವಿನೆನಪು ಹೇಳಿ ಎಂದ. ಭೂಗೋಳದ ಪುಸ್ತಕದಲ್ಲಿ ನೆನಪುಗಳಿರಲಿಲ್ಲ. ಒಮೈರಾ ಗಾಬರಿಯಾದಳು, ಗಾಬರಿಯಲ್ಲಿ ಬಾಯಿ ತಾನಾಗಿ ಮಾತಾಡಿತು. ತನ್ನಜ್ಜ ದಿನಾ ತನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ದೊಡ್ಡ ನದಿ ದಾಟಿಸಿ ಶಾಲೆಗೆ ಬಿಡುತ್ತಿದ್ದ, ಹುಟ್ಟು ಹಾಕುತ್ತ ಹಾಡುತ್ತಿದ್ದ ಎಂದಳು. ಹೇಳುತ್ತ ಹೇಳುತ್ತ ಇಲ್ಲದ ಅಜ್ಜನ ಮೇಲೆ ಅವಳಿಗೇ ಪ್ರೀತಿ ಉಕ್ಕಿ ಕಣ್ಣೀರು ಬಂತು. ಸಭೆಯೂ ಅತ್ತಿತು.

ಕಬಿಮಾಸಿನಲ್ಲಿ ಎರ್ಸಿಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎದಿಕ್ತಾ, ನಿಮ್ಮಪ್ಪ ದೋಣಿ ಯಾವಾಗ ತಗೊಂಡಿದ್ದಲೇ? ಆ ಮನಷ್ಯಾ ಸ್ನಾನದ ನೀರಿಗೂ ಹೆದರತಿದ್ದ!"

ಓಣಿಯೂ ನಕ್ಕಿತು. ಎದಿಕ್ತಾ ಎದ್ದು ಟೀವಿ ಆರಿಸಿದಳು. "ನಗೂದಾದ್ರ ನಿಮ್ಮ ಮನ್ಯಾಗ ಹೋಗಿ ನಗು. ಇನ್ನ ನನ್ನ ಗ್ವಾಡಿ ಮ್ಯಾಲಿಂದ ಉಪ್ಪು ಕೇಳಬ್ಯಾಡ."

ಮಗಳಿಗೆ ಐದನೆಯ ಸ್ಥಾನ ಬಂದದ್ದು ಆಕೆಗೆ ಮರುದಿನ ಪತ್ರಿಕೆಯಿಂದ ತಿಳಿಯಿತು. ಎರ್ಸಿಲಿಯಾ ಉಪ್ಪು ಕೇಳಲಿಲ್ಲ, ಅವತ್ತೂ ಕೇಳಲಿಲ್ಲ, ಮುಂದೆ ನಲವತ್ತೊಂದು ವರ್ಷವೂ ಕೇಳಲಿಲ್ಲ.

ಡೆಲ್ಟಾದಲ್ಲಿ ಮಾತ್ರ ಜನ ಆ ಅಜ್ಜನನ್ನು ನಂಬಿಬಿಟ್ಟರು. ಸಾನ್ ಹಿಲಾರಿಯೊ ಎಂಬ ಹೊಳೆದಂಡೆಯ ಹಳ್ಳಿಯವರು, ನೀನು ನಮ್ಮವಳೇ ಇರಬೇಕು, ಆ ದೋಣಿಯ ಮುದುಕನನ್ನು ನಾವು ಬಲ್ಲೆವು ಎಂದು ಕಾಗದ ಬರೆದರು. ಚರ್ಚಿನಲ್ಲಿ ಅವಳ ಹೆಸರಿನಲ್ಲಿ ಪ್ರಾರ್ಥನೆಯನ್ನೂ ಮಾಡಿಸಿದ್ದರು. ಒಮೈರಾ ಆ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತಳು, ನಾಲ್ಕು ಸಲವೂ ಎದ್ದಳು.

ಐದನೆಯ ಸ್ಥಾನದವರಿಗೆ ಸಿಗುವುದು ಸಣ್ಣಪುಟ್ಟ ಅಂತರರಾಷ್ಟ್ರೀಯ ಸ್ಪರ್ಧೆಗಳು. ಒಮೈರಾಳ ಹೊರದೇಶದ ವೃತ್ತಿ ಶುರುವಾದದ್ದು ಹಾಗೆ. ಡೊಮಿನಿಕನ್ ದೇಶದಲ್ಲಿ ಕಬ್ಬಿನ ಜಾಗತಿಕ ರಾಣಿಯನ್ನು ಆರಿಸುವುದಿತ್ತು. ವೆನೆಜುವೆಲಾದ ಪಟ್ಟಿ ಬೇರೊಬ್ಬಳಿಗೆ ಹೋಗಿತ್ತು, ಆದರೆ ಅರುಬಾ ದ್ವೀಪದ ಹುಡುಗಿಗೆ ದಡಾರ ಎದ್ದು ಒಂದು ಜಾಗ ಖಾಲಿಯಾಗಿತ್ತು. ಉಲ್ಪಿಯಾನೊ ಒಮೈರಾಳನ್ನು ಕಳಿಸಿದರು. ಅವಳು ಅರುಬಾ ಆದಳು. ಮರುವರ್ಷ ಎಕ್ವಡೋರಿನ ಬಂದರಿನಲ್ಲಿ ಬೆಲೀಜ್ ಆದಳು. ಆಯೋಜಕರ ನಡುವೆ ಅವಳ ಹೆಸರು ಹಬ್ಬಿತ್ತು: ಐದಡಿ ಒಂಬತ್ತು ಅಂಗುಲ, ಎಲ್ಲ ಅಳತೆಯ ಚಪ್ಪಲಿಗೂ ಹೊಂದಿಕೊಳ್ಳುತ್ತಾಳೆ, ಯಾವ ದೇಶ ಕೊಟ್ಟರೂ ತಕರಾರಿಲ್ಲ.

ಎರಡೂ ಕಡೆ ಅವಳಿಗೆ ಸ್ನೇಹಸುಂದರಿ ಎಂಬ ಬಹುಮಾನ ಬಂತು. ಇದನ್ನು ತೀರ್ಪುಗಾರರು ಕೊಡುವುದಲ್ಲ, ಹುಡುಗಿಯರೇ ಮತ ಹಾಕಿ ಕೊಡುವುದು. ಕಾರಣ ಬಹಳ ಸರಳ. ಸ್ಪರ್ಧೆಯ ದಿನಗಳಲ್ಲಿ ಹೋಟೆಲಿನವರು ಹುಡುಗಿಯರಿಗೆ ಸೊಪ್ಪು ಮತ್ತು ಅನಾನಸು ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಒಮೈರಾ ಪೆಟ್ಟಿಗೆಯಲ್ಲಿ ಮೆಕ್ಕೆಜೋಳದ ಹಿಟ್ಟು ತಂದಿರುತ್ತಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗು ನಿಲ್ಲಿಸಿ, ಅದರ ಮೇಲೆ ಬಾಳೆ ಎಲೆಯ ತುಂಡು ಹಾಸಿ, ಅರೆಪಾ ರೊಟ್ಟಿ ತಟ್ಟಿ ಸುಡುವಳು. ಸಾಲಾಗಿ ಹಸಿದ ಸುಂದರಿಯರು ಮಂಚದ ಅಂಚಿನಲ್ಲಿ ಕೂತು ತಿನ್ನುವರು. ಜಪಾನಿನವಳು ಎರಡು ತಿಂದು ಅತ್ತಿದ್ದಳಂತೆ.

ಊರಿಗೆ ಬಂದರೆ ತಾಯಿಯದು ಒಂದೇ ಪ್ರಶ್ನೆ.

"ಈ ಸಲ ಯಾವ ಊರಿನಾಕಿ ಆಗಿದ್ದಿ?"

"ಬೆಲೀಜ್ ಅವ್ವ."

"ಅಲ್ಲೇನು ಹೆಣ್ಣು ಹುಟ್ಟೂದಿಲ್ಲೇನು? ಮಂದಿ ಮನಿ ದೀಪ ಹಚ್ಚಿದ್ದು ಸಾಕು. ನಿನ್ನ ಹೆಸರಿನ ಕೂಡ ನಮ್ಮ ನಾಡಿನ ಹೆಸರು ಕೂಗೂದು ನಾ ಸಾಯೂದ್ರೊಳಗ ಕೇಳಬೇಕು."

ಎಂಬತ್ತೇಳರಲ್ಲಿ ಆ ಬಾಗಿಲು ತೆರೆಯಿತು. ಪನಾಮಾದ ಒಂದು ದೊಡ್ಡ ಸ್ಪರ್ಧೆಗೆ ವೆನೆಜುವೆಲಾದ ಪಟ್ಟಿಯನ್ನೇ ಒಮೈರಾಳಿಗೆ ಕೊಡುವುದಾಗಿ ಉಲ್ಪಿಯಾನೊ ಹೇಳಿದರು. ಸುಲಿಯಾ ಅಲ್ಲದಿದ್ದರೂ ದೇಶವಂತೂ ಆಯಿತು. ಒಂದೇ ತೊಡಕು. ಇಪ್ಪತ್ತೈದು ತುಂಬಿರಬಾರದು, ಅವಳಿಗೆ ತುಂಬಿ ಎರಡು ತಿಂಗಳಾಗಿತ್ತು.

"ಅದಕ್ಕೇನೀಗ?" ಎಂದರು ಉಲ್ಪಿಯಾನೊ. "ಸಾನ್ ಹಿಲಾರಿಯೊದಲ್ಲಿ ನಿನ್ನ ಹೆಸರು ಹೇಳಿದ್ರೆ ಜನ ಎದ್ದು ನಿಲ್ತಾರೆ. ಅಲ್ಲಿನ ಗುಮಾಸ್ತ ಹೊಸದಾಗಿ ಹುಟ್ಟಿಸಿಕೊಡ್ತಾನೆ. ಎರಡು ವರ್ಷ ಚಿಕ್ಕೋಳಾಗ್ತೀಯ."

"ಹುಟ್ಟಿದೂರು?"

"ಅಲ್ಲಿ ಬರೆಸಿದ್ರೆ ಅಲ್ಲೀದೇ ಬರಬೇಕಲ್ಲಮ್ಮ."

ಒಮೈರಾ ಒಂದು ದಿನ ಊಟ ಬಿಟ್ಟು ಯೋಚಿಸಿದಳು. ಕಾಗದದಲ್ಲಿ ಊರು ಹೋಗುತ್ತದೆ, ಎದೆಯ ಮೇಲೆ ದೇಶ ಬರುತ್ತದೆ, ಅವ್ವ ಟೀವಿಯಲ್ಲಿ ಕೇಳುತ್ತಾಳೆ. ಹೂಂ ಅಂದಳು. ಸಾನ್ ಹಿಲಾರಿಯೊದ ಗುಮಾಸ್ತ ಲಂಚ ಮುಟ್ಟಲಿಲ್ಲ, ನಮ್ಮ ಮಗಳು ಎಂದು ಸಂತೋಷದಿಂದಲೇ ಬರೆದುಕೊಟ್ಟ. ಜೊತೆಗೆ ಒಣಮೀನಿನ ಒಂದು ಕಟ್ಟನ್ನೂ ಕಳಿಸಿದ.

ಪನಾಮಾಕ್ಕೆ ಹೋಗಿ ನೋಡಿದರೆ ಅಲ್ಲಿ ಆಗಲೇ ಒಬ್ಬಳು ವೆನೆಜುವೆಲಾ ನಿಂತಿದ್ದಳು. ನಮ್ಮ ದೇಶದಲ್ಲಿ ಸುಂದರಿಯರನ್ನು ಕಳಿಸುವ ಗುಂಪುಗಳು ಎರಡಿದ್ದವು, ಎರಡೂ ಮಾತಾಡುತ್ತಿರಲಿಲ್ಲ, ಎರಡೂ ಕಳಿಸಿದ್ದವು. ಆಯೋಜಕರು ಚೀಟಿ ಎತ್ತಿದರು. ಚೀಟಿ ಇನ್ನೊಬ್ಬಳಿಗೆ ಬಂತು. ಒಮೈರಾಳಿಗೆ ಉಳಿದದ್ದು ನಾರ್ವೆ. ದೇಶದ ಉಡುಗೆ ಎಂದು ಒಂದು ತುಪ್ಪಳದ ಕೋಟು, ತುಪ್ಪಳದ ಟೋಪಿ, ಮೊಣಕಾಲುದ್ದದ ಬೂಟು. ಪನಾಮಾದ ಮೇ ತಿಂಗಳ ಸೆಕೆಯಲ್ಲಿ ಆಕೆ ಅದನ್ನೆಲ್ಲ ಹೊದ್ದು ವೇದಿಕೆಯ ಆ ತುದಿಯಿಂದ ಈ ತುದಿಗೆ ನಗುತ್ತ ನಡೆದಳು, ಪರದೆಯ ಹಿಂದೆ ಬಂದು ಬಿದ್ದಳು. ಮೂರನೆಯ ಸಲ ಸ್ನೇಹಸುಂದರಿಯಾದಳು.

ಅಲ್ಲಿಗೆ ವೃತ್ತಿ ಮುಗಿಯಿತು. ಊರಿಗೆ ಬಂದು, ಕಬಿಮಾಸಿನಿಂದ ಮರಕೈಬೊಗೆ ಬಾಡಿಗೆ ಕಾರು ಓಡಿಸುವ ನೇರಿಯೊನನ್ನು ಮದುವೆಯಾದಳು. ಅವಳಿಗಿಂತ ಒಂದು ಗೇಣು ಕುಳ್ಳ. ಮನೆಯ ಮುಂದಿನ ಕೋಣೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಹಾಕಿದಳು, ಹಿತ್ತಲಲ್ಲಿ ಹುಡುಗಿಯರಿಗೆ ನಡಿಗೆ ಕಲಿಸಿದಳು, ಅದೇ ಪೈಪಿನ ಮೇಲೆ. ಅಂಗಡಿಗೆ ಪ್ಯಾರಿಸ್ ಎಂದು ಹೆಸರಿಟ್ಟರೂ ಜನ ಕರೆದದ್ದು 'ನಾರ್ವೆ' ಎಂದೇ. ಸೆಕೆ ಜಾಸ್ತಿಯಾದ ದಿನ ನೇರಿಯೊ ಬಾಗಿಲಲ್ಲಿ ನಿಂತು, "ಏ ನಾರ್ವೆ, ನಿನ್ನ ಕೋಟು ಕೊಡ, ಥಂಡಿ ಹತ್ತೇತಿ" ಅನ್ನುವನು. ಆಕೆ ಬಾಚಣಿಗೆ ಎಸೆಯುವಳು. ಚೆನ್ನಾಗಿಯೇ ಬದುಕಿದರು. ಗುರುತಿನ ಚೀಟಿಯಲ್ಲಿ ಮಾತ್ರ ಅವಳು ಸಾನ್ ಹಿಲಾರಿಯೊದವಳು. ಮತ ಹಾಕುವಾಗ, ಔಷಧದ ಸರದಿಯಲ್ಲಿ, ಮಕ್ಕಳ ಶಾಲೆಯಲ್ಲಿ, ಎಲ್ಲಿ ಚೀಟಿ ತೋರಿಸಿದರೂ ಯಾರಾದರೊಬ್ಬರು, "ಓ, ನೀವು ಹೊರಗಿನವರಾ?" ಅನ್ನುವರು. ತಾಯಿ ಪಕ್ಕದಲ್ಲಿದ್ದರೆ ಮುಖ ಆ ಕಡೆ ತಿರುಗಿಸುವಳು. ಬೈದಿದ್ದರೆ ವಾಸಿಯಿತ್ತು ಎಂದು ಒಮೈರಾಳಿಗೆ ಅನ್ನಿಸುತ್ತಿತ್ತು.

ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಸಂತ ಸಾನ್ ಬೆನಿತೊನ ಹಬ್ಬಕ್ಕೆ ಮುಂಚೆ, ಹಿರಿಯರ ರಾಣಿಯ ಸ್ಪರ್ಧೆ ಇದೆ ಎಂದು ಊರಿನಲ್ಲಿ ಡಂಗುರವಾಯಿತು. ಅರವತ್ತು ತುಂಬಿರಬೇಕು, ಕಬಿಮಾಸಿನಲ್ಲೇ ಹುಟ್ಟಿರಬೇಕು. ನಿಂತ ಎಲ್ಲರಿಗೂ ಒಂದೇ ಪಟ್ಟಿ, ಅದರ ಮೇಲೆ ಒಂದೇ ಹೆಸರು: ಕಬಿಮಾಸ್. ಒಮೈರಾಳಿಗೆ ಮಾರ್ಚಿನಲ್ಲಿ ಅರವತ್ತು ತುಂಬಿತ್ತು. ಎದಿಕ್ತಾಳಿಗೆ ಎಂಬತ್ತು. ಈ ಸಲ ಟೀವಿಯೂ ಬೇಡ, ಮುಂದಿನ ಸಾಲಿನಲ್ಲಿ ಕೂತು ಕೇಳಬಹುದು. ಒಮೈರಾ ಕೂದಲಿಗೆ ಬಣ್ಣ ಹಚ್ಚಿಕೊಂಡು ಅರ್ಜಿ ಕೊಡಲು ಹೋದಳು. ಮೇಜಿನ ಹಿಂದಿನ ಹುಡುಗಿ ಚೀಟಿ ತಿರುಗಿಸಿ ನೋಡಿದಳು.

"ಅಮ್ಮಾರ, ನಿಮಗಿನ್ನೂ ಐವತ್ತೆಂಟು. ಮತ್ತ ನೀವು ಈ ಊರಿನಾರೂ ಅಲ್ಲ."

"ನನಗ ವಯಸ್ಸಾಗಿಲ್ಲ ಅಂತ ಮೂವತ್ತೈದು ವರ್ಷದಾಗ ನೀನ ಮೊದಲನೇದಾಕಿ ಹೇಳಿದ್ದು ತಂಗಿ," ಎಂದಳು ಒಮೈರಾ. "ಅದೂ ಬ್ಯಾಡಾಗಿದ್ದ ದಿನ."

ಅಲ್ಲಿಂದ ನೆಟ್ಟಗೆ ಜನನ ಮರಣ ನೋಂದಣಿ ಕಚೇರಿಗೆ ನಡೆದಳು. ಗುಮಾಸ್ತ ಹೆಬರ್ತೊ ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ಒರೆಸಿಕೊಂಡ. "ನಿಮಗ ಎರಡು ಹುಟ್ಟು ಅದಾವು. ಒಂದನ್ನ ರದ್ದು ಮಾಡಬೇಕು. ಇಲ್ಲಿ ಹುಟ್ಟಿದ ಪುಸ್ತಕದ ಆ ಪುಟಕ್ಕ ನೀರು ಬಿದ್ದು ಕಪ್ಪಾಗೇತಿ. ಹುಟ್ಟಿದಾಗ ಮನ್ಯಾಗ ಇದ್ದೋರು ಇಬ್ಬರು ಬಂದು ಸಾಕ್ಷಿ ಹೇಳಬೇಕು. ಒಬ್ಬರು ಅವ್ವ ನಡೀತೈತಿ. ಇನ್ನೊಬ್ಬರು ಬಳಗದೋರು ಆಗಿರಬಾರದು."

ಸೂಲಗಿತ್ತಿ ಸತ್ತು ಮೂವತ್ತು ವರ್ಷವಾಗಿತ್ತು. ಆ ದಿನ ಮನೆಯಲ್ಲಿದ್ದು ಇನ್ನೂ ಉಸಿರಾಡುತ್ತಿರುವ ಹೊರಗಿನವಳು ಜಗತ್ತಿನಲ್ಲಿ ಒಬ್ಬಳೇ, ಗೋಡೆಯಾಚೆಯ ಎರ್ಸಿಲಿಯಾ. ಒಮೈರಾ ಹೋಗಿ ಕೇಳಿದಳು. ಎರ್ಸಿಲಿಯಾ ಅವಳಿಗೆ ಕಾಫಿ ಕೊಟ್ಟಳು, ಕೆನ್ನೆ ಸವರಿದಳು. "ನಿನ್ನ ಮ್ಯಾಲೆ ನನಗೇನಿಲ್ಲ ಮಗಳ. ನಿಮ್ಮವ್ವ ಬಂದು ಕೇಳಲಿ."

"ನಾ ಸತ್ತ ಮ್ಯಾಲೆ ನನ್ನ ಪೆಟ್ಟಿಗಿ ಆಕಿ ಬಾಗಲಾ ದಾಟಿ ಹೋಗಬಹುದು," ಎಂದಳು ಎದಿಕ್ತಾ. "ಜೀವಂತ ಅಂತೂ ನಾ ಹೋಗೂದಿಲ್ಲ."

ಒಮೈರಾ ಅವತ್ತು ಅಂಗಡಿ ಮುಚ್ಚಿ ಅತ್ತಳು. ನಾರ್ವೆಯಾದಾಗಲೂ ಅಷ್ಟು ಅತ್ತಿರಲಿಲ್ಲ. ಇಬ್ಬರು ಮುದುಕಿಯರ ಹಟಕ್ಕೆ ತಾನು ಸಾಯುವವರೆಗೆ ಕಾಣದ ಊರಿನವಳಾಗಿ ಉಳಿಯಬೇಕಲ್ಲ ಎಂದು ಸಿಟ್ಟೂ ಬಂದಿತ್ತು. ತಾಯಿ ಅಡುಗೆಮನೆಯ ಬಾಗಿಲಿನಿಂದ ನೋಡಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ತಾನೇ ಹೋಗಿ ಹಿರಿಯರ ರಾಣಿಯ ಸ್ಪರ್ಧೆಗೆ ಹೆಸರು ಕೊಟ್ಟು ಬಂದಳು. ಎರ್ಸಿಲಿಯಾ ಹಿಂದಿನ ವಾರವೇ ಕೊಟ್ಟಿದ್ದಳು.

ಮಗಳು ತಾಯಿಗೆ ನಡಿಗೆ ಕಲಿಸಲು ನೋಡಿದಳು. ಎರಡು ಹೆಜ್ಜೆ, ನಿಲ್ಲು, ಗಲ್ಲ ಎತ್ತು, ತಿರುಗು ಎಂದಳು.

"ಕಡಾಯಿ ಮುಂದ ಐವತ್ತು ವರ್ಷ ನಿಂತೀನಿ," ಎಂದಳು ಎದಿಕ್ತಾ. "ನನಗ ನಿಂದ್ರೂದು ಕಲಿಸಬ್ಯಾಡ. ತಿರುಗೂದಂತೂ ಇಲ್ಲ. ನನ್ನ ಬೆನ್ನು ನೋಡಿ ಅವರೇನು ಮಾಡ್ತಾರ?"

ಸ್ಪರ್ಧೆ ಮಧ್ಯಾಹ್ನ, ಬಾಸ್ಕೆಟ್‌ಬಾಲ್ ಅಂಗಳದ ತಗಡಿನ ಸೂರಿನ ಕೆಳಗೆ. ಐದುನೂರು ಜನ, ಹನ್ನೊಂದು ಮುದುಕಿಯರು. ಶುರುವಾದ ಹತ್ತು ನಿಮಿಷಕ್ಕೆ ಕರೆಂಟು ಹೋಗಿ ಮೈಕು ಸತ್ತಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ನಮ್ಮೂರಿನವರಿಗೆ ಮೈಕು ಬರೀ ಅಲಂಕಾರ. ಪ್ರಶ್ನೆ ಎಲ್ಲರಿಗೂ ಒಂದೇ: ಕಬಿಮಾಸಿಗೆ ನೀವು ಕೊಟ್ಟದ್ದೇನು? ಒಬ್ಬಳು ಪ್ರಾರ್ಥನೆ ಎಂದಳು, ಒಬ್ಬಳು ಹನ್ನೊಂದು ಮಕ್ಕಳು ಎಂದಳು. ಎದಿಕ್ತಾಳ ಸರದಿ ಬಂತು. ಆಕೆ ಎರಡು ಹೆಜ್ಜೆ ಮುಂದೆ ಬಂದು, ಕಾಲು ಅಗಲಿಸಿ ನಿಂತಳು.

"ನಾ ಕೊಟ್ಟಿದ್ದು ಒಬ್ಬಾಕಿ ಮಗಳನ್ನ. ಅಲ್ಲಿ ಮುಂದ ಕುಂತಾಳ ನೋಡ್ರಿ, ಉದ್ದನ್ನಾಕಿ. ಮಂದಿ ಆಕೀನ ಡೆಲ್ಟಾದಾಕಿ ಅಂತಾರ, ನಾರ್ವೆ ಅಂತಾರ. ಆಕಿ ಹುಟ್ಟಿದ್ದು ಇಲ್ಲೇ, ನನ್ನ ಮನ್ಯಾಗ, ಪಂಪಿನ ಹಿಂದಿನ ಖೋಲ್ಯಾಗ, ಅರವತ್ತೆರಡನೇ ಇಸವಿ ಮಾರ್ಚ್ ಹದಿನಾಲ್ಕು, ಬುಧವಾರ. ಸೂಲಗಿತ್ತಿ ತಡಾ ಮಾಡಿ ಬಂದ್ಲು. ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲ. ನಾ ಒಬ್ಬಾಕಿನ ಇದ್ದೆ. ಒಬ್ಬಾಕಿನ ಹಡದೆ."

ಸಾಲಿನ ಆ ತುದಿಯಿಂದ ಎರ್ಸಿಲಿಯಾ ಮುಂದೆ ಬಂದಳು. ಆಕೆಯ ಪಟ್ಟಿ ಹೆಗಲಿಂದ ಜಾರಿತ್ತು.

"ಒಬ್ಬಾಕಿನ? ನಾಚಿಗಿ ಬ್ಯಾಡೇನಲೇ ನಿನಗ? ನೀರು ಕಾಸಿದಾಕಿ ಯಾರು? ನಿನ್ನ ಕೈ ಹಿಡಕೊಂಡು ಬೆಳತನಕ ಕುಂತಾಕಿ ಯಾರು? ನನ್ನ ಈ ಬೆರಳು ಇವತ್ತಿಗೂ ಸೊಟ್ಟ ಐತಿ, ನೀ ತಿರುವಿದ್ದು!"

"ಇದ್ದರ ಇರಬಹುದು. ನನಗ ನೆನಪಿಲ್ಲ."

"ನೆನಪಿಲ್ಲಂತ! ಕೂಸಿನ್ನ ಮೊದಲು ಎತ್ತಿಕೊಂಡಾಕಿ ನಾನು. ಕಾಲು ನೋಡಿ, ಎದಿಕ್ತಾ, ಇದು ಕೂಸಲ್ಲ, ಏಣಿ ಅಂತ ಅಂದಿದ್ದು ನಾನು. ಈ ಊರಾಗ ಆಕಿ ಹುಟ್ಟಿದ್ದಕ್ಕ ನಾನ ಸಾಕ್ಷಿ. ಯಾವ ದೇವರ ಮುಂದ ಬೇಕಾದ್ರೂ ಹೇಳ್ತೀನಿ!"

"ದೇವರು ಬ್ಯಾಡ," ಎಂದಳು ಎದಿಕ್ತಾ. "ಸೋಮವಾರ ಹೆಬರ್ತೊ ಮುಂದ ಹೇಳು."

ಜಗಳ ಕಾಲು ಗಂಟೆ ನಡೆಯಿತು. ಐದುನೂರು ಜನ ಅದಕ್ಕಿಂತ ಚೆನ್ನಾದ ಸ್ಪರ್ಧೆ ನೋಡಿರಲಿಲ್ಲ. ಗೆದ್ದವಳು ಎಪ್ಪತ್ತಮೂರರ ಒಬ್ಬ ಹೊಲಿಗೆಯಾಕೆ, ಅಷ್ಟೂ ಹೊತ್ತು ಸುಮ್ಮನೆ ನಿಂತು ನಗುತ್ತಿದ್ದಳು. ಮನೆಗೆ ಹೋಗುವಾಗ ನೇರಿಯೊನ ಕಾರಿನಲ್ಲಿ ಒಮೈರಾ ಕೇಳಿದಳು, "ಅವ್ವ, ಎರ್ಸಿಲಿಯಾ ಚಿಕ್ಕವ್ವ ಇದ್ದದ್ದು ನಿನಗ ಖರೇನ ನೆನಪಿರಲಿಲ್ಲೇನು?"

"ಕರದಿದ್ರ ಆಕಿ ಬರತಿದ್ದಿಲ್ಲ," ಎಂದಳು ಎದಿಕ್ತಾ. "ಆಕಿ ಹೆಸರು ಬಿಟ್ಟೆ. ಬಂದ್ಲು."

ಸೋಮವಾರ ಎರ್ಸಿಲಿಯಾ ಯಾರೂ ಕರೆಯದೆ, ಎಲ್ಲರಿಗಿಂತ ಮೊದಲು ನೋಂದಣಿ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಹೇಳಿಕೆ ಕೊಟ್ಟಳು. ಆಮೇಲೆ ಹೆಬರ್ತೊ ಬರೆದದ್ದನ್ನು ಓದಿಸಿ ಕೇಳಿ, ನೀರು ಕಾಸಿದ ವಿಷಯ ಎಲ್ಲಿ ಎಂದಳು. ಅದಕ್ಕೆ ಕಾಲಂ ಇಲ್ಲ ಎಂದ ಹೆಬರ್ತೊ. ಹಾಗಿದ್ದರೆ ತನ್ನ ಹೆಬ್ಬೆಟ್ಟೂ ಇಲ್ಲ ಎಂದಳು. ಅವನು ಷರಾ ಎಂದಿರುವ ಕಡೆ, 'ಸಾಕ್ಷಿಯು ನೀರು ಕಾಸಿದ್ದು ಸಹ ನಿಜ' ಎಂದು ಬರೆದ.

"ಹುಟ್ಟಿದೂರು ತಿದ್ದಿದ್ರ ಇಸವೀನೂ ತಿದ್ದಬೇಕಾಗ್ತೈತಿ," ಎಂದು ಅವನು ಒಮೈರಾಳಿಗೆ ಎಚ್ಚರಿಸಿದ. "ಒಂದು ಮುದ್ರಿಗೆ ಎರಡು ವರ್ಷ ಮುದುಕಿ ಆಗ್ತೀರಿ. ವಿಚಾರ ಮಾಡ್ರಿ."

ಆಕೆಗೆ ವಯಸ್ಸಿನ ಯೋಚನೆ ಬರಲಿಲ್ಲ. ಸಾನ್ ಹಿಲಾರಿಯೊ ನೆನಪಾಯಿತು. ಕೇಳದೆಯೇ ಮಗಳೆಂದು ಒಪ್ಪಿಕೊಂಡಿದ್ದ ಊರು, ಕಣ್ಣಿಂದ ಒಮ್ಮೆಯೂ ನೋಡದ ಊರು. ರದ್ದಾಗುವ ಕಾಗದದಲ್ಲಿ ಅದರ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ಸಹಿ ಹಾಕಿದಳು. ಮುದ್ರೆ ಬೀಳುವವರೆಗೆ ಹೊರಗೆ ಕೂತಿರಿ, ಕೂಗುತ್ತೇನೆ ಎಂದ ಹೆಬರ್ತೊ.

ಹೊರಗಿನ ಹಾಲಿನಲ್ಲಿ ನಲವತ್ತು ಜನ ಬೆಂಚುಗಳ ಮೇಲೆ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು. ಯಾರದೋ ಮರಣ, ಯಾರದೋ ಮದುವೆ. ಮೂವರು ಹೆಂಗಸರು ಗೋಡೆಯ ಬದಿಯ ಬೆಂಚಿನಲ್ಲಿ ಕೂತರು, ನಡುವೆ ಒಮೈರಾ, ಮುದುಕಿಯರಿಬ್ಬರೂ ಆಚೆ ಈಚೆ ಮುಖ ಮಾಡಿಕೊಂಡು. ಮುಕ್ಕಾಲು ಗಂಟೆಯಾಯಿತು. ಹೆಬರ್ತೊ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಲ್ಲರನ್ನೂ ಕೂಗುವ ಹಾಗೆಯೇ, ಕಾಗದ ನೋಡಿಕೊಂಡು ಕೂಗಿದ.

"ಒಮೈರಾ ಚಿರಿನೋಸ್! ಕಬಿಮಾಸ್, ಸುಲಿಯಾ!"

ಒಮೈರಾ ಎದ್ದಳು. ಕಾಲಲ್ಲಿ ಚಪ್ಪಟೆ ಚಪ್ಪಲಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕಿಟಕಿಗೆ ಒಂಬತ್ತು ಹೆಜ್ಜೆ. ಬೇಕೆಂದು ಮಾಡಿದ್ದಲ್ಲ, ಬೆನ್ನು ತಾನಾಗಿ ನೆಟ್ಟಗಾಯಿತು, ಗಲ್ಲ ಎದ್ದಿತು, ಒಂದರ ಮುಂದೆ ಒಂದು ಕಾಲು ಬಿತ್ತು. ಜನ ಬೀಸಣಿಗೆ ನಿಲ್ಲಿಸಿ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. ಒಬ್ಬ ಮುದುಕ ಮಾತ್ರ, ಇದು ಮರಣದ ಸರದಿಯೇ ಎಂದು ಪಕ್ಕದವನನ್ನು ಕೇಳಿದ.

ಬೆಂಚಿನ ಮೇಲೆ ಎದಿಕ್ತಾ ಮಗಳು ಎದ್ದ ಜಾಗದ ಮೇಲಿಂದ ಕೈ ಚಾಚಿ ಎರ್ಸಿಲಿಯಾಳ ಮುಂಗೈ ಹಿಡಿದಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಕೇಳಿದಿ?" ಎಂದಳು.

"ಕೇಳಿದೆ," ಎಂದಳು ಎರ್ಸಿಲಿಯಾ. "ಕಿವುಡಿ ಅಲ್ಲ ನಾನು."

ಎದಿಕ್ತಾ ಬೆಂಚು ಹಿಡಿದುಕೊಂಡು ಎದ್ದು ನಿಂತಳು. ಕಂಪನಿಯ ಗೇಟಿನಲ್ಲಿ ಎಂಪನಾಡ ಕೂಗಿ ಮಾರಿದ ಅದೇ ದನಿಯಲ್ಲಿ ಕಿಟಕಿಯ ಕಡೆ ಕೂಗಿದಳು.

"ಏ ತಮ್ಮಾ ಹೆಬರ್ತೊ! ನನಗ ಕೇಳಿಸಲಿಲ್ಲೋ. ಇನ್ನೊಮ್ಮೆ ಕೂಗು!"

ಹೆಬರ್ತೊ ಕನ್ನಡಕದ ಮೇಲಿಂದ ಆ ಮುದುಕಿಯನ್ನು ನೋಡಿದ, ಎದುರಿಗೆ ನಿಂತಿದ್ದ ಮಗಳನ್ನು ನೋಡಿದ, ಕಾಗದವನ್ನು ಮತ್ತೆ ಕೈಗೆತ್ತಿಕೊಂಡ. ಒಮೈರಾ ಬೆಂಚಿನವರೆಗೆ ಹಿಂದಿರುಗಿ, ಅವನು ಕೂಗುವುದನ್ನೇ ಕಾಯುತ್ತ ನಿಂತು, ಕೂಗಿದ ಮೇಲೆ ಮತ್ತೆ ಮೊದಲಿನಿಂದ ನಡೆದು ಬಂದಳು.